ಮಾತ್ರೆ ಕುಟ್ಟುವ ಮುನ್ನ

ಪಾರ್ಶ್ವವಾಯು ಬಡಿದು ನುಂಗಲಾಗದ ರೋಗಿಗೆ ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸುವುದು ಆಸ್ಪತ್ರೆಗಳಲ್ಲಿ ದಿನನಿತ್ಯದ ಕೆಲಸ. ಬ್ರಿಟನ್ನಿನ ವೈದ್ಯ ಜಾನ್ ಆಲ್ಫ್ರೆಡ್ ರೈಲ್ ಹೆಸರಿನಲ್ಲಿ ಅದು ‘ರೈಲ್ಸ್ ಟ್ಯೂಬ್’ ಎಂದೇ ಎಲ್ಲರಿಗೂ ಪರಿಚಿತ. ಆಹಾರ ಹೋಗುವ ದಾರಿಯಲ್ಲೇ ಔಷಧವೂ ಹೋಗಬೇಕು. ಆದರೆ ಮಾತ್ರೆ ತಯಾರಾಗಿದ್ದು ನುಂಗಲೆಂದು, ನಳಿಕೆಗೆಂದಲ್ಲ.

ಕುಟ್ಟಿ ನೀರಲ್ಲಿ ಕಲಸಿದರಾಯಿತಲ್ಲ? ಎಲ್ಲಕ್ಕೂ ಅದು ಸಲ್ಲದು. ಹೆಸರಿನ ಮುಂದೆ ‘ಎಸ್‌ಆರ್’, ‘ಎಕ್ಸ್‌ಆರ್’ ಎಂದಿರುವ ಮಾತ್ರೆ ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಔಷಧ ಬಿಡುವಂಥದ್ದು. ಕುಟ್ಟಿದರೆ ಅಷ್ಟೂ ಒಮ್ಮೆಗೇ ಮೈಗೇರುತ್ತದೆ. ಪ್ಯಾಂಟೊಪ್ರಜೋಲ್ ಮಾತ್ರೆಗೆ ಲೇಪನವೇ ರಕ್ಷಣೆ. ಅದು ಒಡೆದರೆ ಜಠರದ ಆಮ್ಲ ಔಷಧವನ್ನೇ ಕೆಡಿಸುತ್ತದೆ.

ಸಿದ್ಧ ಸಿರಪ್ ಸಿಗದಾಗ ಫಾರ್ಮಸಿಸ್ಟ್ ತಾನೇ ದ್ರವ ಔಷಧ ತಯಾರಿಸುವುದುಂಟು. ಒಮೆಪ್ರಜೋಲನ್ನು ಶೇ 8.4ರ ಸೋಡಿಯಂ ಬೈಕಾರ್ಬನೇಟ್ ದ್ರಾವಣದಲ್ಲಿ ಕಲಸುವುದು ಇದರ ಪ್ರಸಿದ್ಧ ಉದಾಹರಣೆ: ಆ ಕ್ಷಾರ ಜಠರದ ಆಮ್ಲವನ್ನು ತಗ್ಗಿಸಿ ಔಷಧವನ್ನು ಉಳಿಸುತ್ತದೆ. ಇಂಥ ಬಾಟಲಿಯ ಮೇಲೆ ಒಂದು ಮಿ.ಲೀ.ನಲ್ಲಿ ಎಷ್ಟು ಔಷಧವಿದೆ, ಯಾವ ದಿನದವರೆಗೆ ಬಳಸಬಹುದು ಎಂಬುದು ಇರಲೇಬೇಕು. ಪುಡಿ ತಳಕ್ಕೆ ಕೂರುವ ಔಷಧವನ್ನು ಅಲುಗಿಸದೆ ಕೊಟ್ಟರೆ ಮೊದಲ ಡೋಸು ತೆಳು, ಕೊನೆಯದು ವಿಪರೀತ.

ದ್ರವವೆಂದ ಮಾತ್ರಕ್ಕೆ ನಿರಾತಂಕವೂ ಅಲ್ಲ. ಹಲವು ಸಿರಪ್‌ಗಳಲ್ಲಿ ಸಿಹಿಗಾಗಿ ಹಾಕುವ ಸಾರ್ಬಿಟಾಲ್ ಹೆಚ್ಚಾದರೆ ಭೇದಿಯಾಗುತ್ತದೆ. ಆದರೆ ಬೈಗುಳ ಮಾತ್ರ ನಳಿಕೆಯಲ್ಲಿ ಕೊಟ್ಟ ಆಹಾರಕ್ಕೆ. ಸಿಪ್ರೊಫ್ಲಾಕ್ಸಸಿನ್‌ನ ಎಣ್ಣೆ ಅಂಶದ ಸಸ್ಪೆನ್ಷನ್ ನಳಿಕೆಯನ್ನು ಕಟ್ಟಿಸುವುದರಿಂದ ಅಲ್ಲಿ ಪುಡಿ ಮಾಡಿದ ಸಾದಾ ಮಾತ್ರೆಯೇ ಮೇಲು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಆಹಾರದ ಜತೆ ಹೋದರೆ ರಕ್ತಕ್ಕೆ ಸರಿಯಾಗಿ ಸೇರದೆ ಫಿಟ್ಸ್ ಮರುಕಳಿಸಬಹುದು; ಆದ್ದರಿಂದ ಅದನ್ನು ಕೊಡುವ ಮುಂಚೆ ಮತ್ತು ನಂತರ ಒಂದೆರಡು ಗಂಟೆ ಆಹಾರ ನಿಲ್ಲಿಸುವ ರೂಢಿಯಿದೆ.

ವಯಸ್ಕರಲ್ಲಿ ಸಾಮಾನ್ಯ ಕ್ರಮ ಸರಳ: ಔಷಧವನ್ನು ಆಹಾರದಲ್ಲಿ ಬೆರೆಸಬಾರದು, ಒಂದೊಂದನ್ನೂ ಪ್ರತ್ಯೇಕವಾಗಿ ಕೊಡಬೇಕು, ಮೊದಲೂ ಕೊನೆಗೂ 15ರಿಂದ 30 ಮಿ.ಲೀ. ನೀರು ಹಾಯಿಸಬೇಕು, ನಡುನಡುವೆಯೂ ನೀರು ಬಿಡಬೇಕು. ನೀರು ಮಿತಿಯಲ್ಲಿರಬೇಕಾದ ರೋಗಿಗಳಿಗೆ ಮತ್ತು ಮಕ್ಕಳಿಗೆ ಎಷ್ಟೆಂದು ವೈದ್ಯರೇ ಹೇಳಬೇಕು. ನಳಿಕೆಗೆಂದು ಚುಚ್ಚುಮದ್ದಿನ ಸಿರಿಂಜಿನಲ್ಲಿ ತುಂಬಿಟ್ಟ ದ್ರವ ತಪ್ಪಿ ರಕ್ತನಾಳಕ್ಕೆ ಹೋದರೆ ಪ್ರಾಣಾಪಾಯ. ಐವಿ ಲೈನಿಗೆ ಕೂರದ ‘ಎನ್‌ಫಿಟ್’ ಜೋಡಣೆ ರೂಪುಗೊಂಡಿದ್ದು ಇದಕ್ಕಾಗಿಯೇ.

ನಳಿಕೆಯೊಂದಿಗೆ ರೋಗಿಯನ್ನು ಮನೆಗೆ ಕರೆದೊಯ್ಯುವವರು ಡಿಸ್ಚಾರ್ಜ್ ಚೀಟಿಯ ಪ್ರತಿ ಔಷಧದ ಎದುರು ‘ಕುಟ್ಟಬಹುದು’ ಅಥವಾ ‘ಕುಟ್ಟಬಾರದು’ ಎಂದು ಫಾರ್ಮಸಿಸ್ಟರಿಂದ ಬರೆಸಿಕೊಳ್ಳಿ. ಕೇಳಲು ಸಂಕೋಚ ಬೇಡ.