ನೇತ್ರಾಣಿಯ ಜಲಗರ್ಭ

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ನಿವಾಸಿಗಳಿಗೆ ಜಲವೆಂದರೆ ನಲ್ಲಿಯಲ್ಲಿ ಬರುವ ಕಾವೇರಿ, ಇಲ್ಲವೆ ಕೆಂಗೇರಿಯ ಮಗ್ಗುಲಲ್ಲಿ ಹರಿಯುವ, ಇಣುಕಿ ನೋಡುವ ಮನಸ್ಸು ಯಾರಿಗೂ ಬಾರದ ವೃಷಭಾವತಿ. ಇಂಥ ಬಡಾವಣೆಗಳ ತರುಣ ತರುಣಿಯರು ಶುಕ್ರವಾರದ ರಾತ್ರಿ ಬಸ್ಸು ಹತ್ತಿ, ಘಟ್ಟವಿಳಿದು, ಬೆಳಗಿನ ಹೊತ್ತಿಗೆ ಮುರುಡೇಶ್ವರವನ್ನು ಸೇರಿ, ಅಲ್ಲಿಂದ ದೋಣಿಯೇರಿ ನೇತ್ರಾಣಿಯ ಸುತ್ತಲಿನ ಸಮುದ್ರದ ತಳವನ್ನು ಕಾಣಹೊರಡುವುದು ಈಚಿನ ವರ್ಷಗಳಲ್ಲಿ ಬೆಳೆದುಬಂದ ಹವ್ಯಾಸ. 2022ರಲ್ಲಿ ತೆರೆಕಂಡ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ಈ ಕುತೂಹಲವನ್ನು ಮನೆಮನೆಗೂ ಮುಟ್ಟಿಸಿತು.

ಭಟ್ಕಳ ತಾಲ್ಲೂಕಿಗೆ ಸೇರಿದ ನೇತ್ರಾಣಿಯು ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ ಕಡಲಿನಿಂದ ನೇರವಾಗಿ ಮೇಲೆದ್ದಿರುವ ನಿರ್ಜನ ಶಿಲಾದ್ವೀಪ. ಆಂಗ್ಲರು ತಮ್ಮ ನಕ್ಷೆಗಳಲ್ಲಿ ಇದನ್ನು ಪಾರಿವಾಳದ ದ್ವೀಪವೆಂದು ಗುರುತಿಸಿದರು. ಮೀನುಗಾರರು ಜಟ್ಟಿಗ ದೇವರ ನೆಲೆಯೆಂದು ನಂಬಿ ಹರಕೆಯ ಆಡುಗಳನ್ನು ಇಲ್ಲಿ ಬಿಟ್ಟರು. ನೌಕಾಪಡೆಯವರಾದರೋ ಗುರಿಯಭ್ಯಾಸಕ್ಕೆ ಇದನ್ನೇ ಆರಿಸಿಕೊಂಡರು. ಬಿಳಿಹೊಟ್ಟೆಯ ಕಡಲ ಹದ್ದುಗಳು ಮಾತ್ರ ಈ ಎಲ್ಲವನ್ನೂ ಸಹಿಸಿಕೊಂಡು ಗೂಡುಕಟ್ಟುತ್ತ ಬಂದಿವೆ. ಲಕ್ಷದ್ವೀಪದಂತೆ ಇದು ಹವಳದಿಂದಲೇ ಆದ ನೆಲವಲ್ಲ. ನೀರೊಳಗಿನ ಬಂಡೆಗಳ ಮೈಮೇಲೆ ಅಲ್ಲಲ್ಲಿ ಹವಳ ನೆಲಸಿದೆ, ಅವುಗಳ ಸಂದುಗಳಲ್ಲಿ ಚಿಟ್ಟೆಮೀನು, ಗಿಳಿಮೀನುಗಳು ಸಂಚರಿಸುತ್ತವೆ. ಮಳೆಗಾಲ ಕಳೆದು ಕಡಲು ತಿಳಿಯಾದ ಮೇಲೆಯೇ ಇವುಗಳ ದರ್ಶನ.

ಇವನ್ನು ಕಾಣಲು ಮುಳುಗುವವನ ಬೆನ್ನಿನ ಸಿಲಿಂಡರಿನಲ್ಲಿರುವುದು ಶುದ್ಧ ಆಮ್ಲಜನಕವೆಂದು ಬಹುಮಂದಿ ಭಾವಿಸಿದ್ದಾರೆ. ವಾಸ್ತವವಾಗಿ ಅದು ನಾವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. ಆ ಗಾಳಿಯನ್ನು ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿಸಿ, ಬೇಕೆಂದಾಗ ಬೇಕಾದಷ್ಟೇ ಬಾಯಿಗೆ ಒದಗಿಸುವ ಸಾಧನವನ್ನು 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ ಸಿದ್ಧಪಡಿಸಿದರು. ಹತ್ತು ಮೀಟರ್ ಆಳದಲ್ಲಿ ಒತ್ತಡವು ಮೇಲ್ಮೈಯದರ ಇಮ್ಮಡಿಯಾಗುವುದರಿಂದ, ಅಲ್ಲಿ ಸೇವಿಸಿದ ಗಾಳಿ ಮೇಲೇರುತ್ತಿದ್ದಂತೆ ಎದೆಯೊಳಗೆ ಹಿಗ್ಗುತ್ತದೆ. ಆದಕಾರಣ ಉಸಿರನ್ನು ಎಂದಿಗೂ ಬಿಗಿಹಿಡಿಯಬಾರದೆಂಬುದೇ ಈ ವಿದ್ಯೆಯ ಪ್ರಥಮ ಪಾಠ. ನೀರಿನೊಳಗೆ ಮಾತಿಲ್ಲ, ಸಂಜ್ಞೆಯುಂಟು: ಹೆಬ್ಬೆರಳನ್ನೆತ್ತಿದರೆ ‘ಸೊಗಸಾಗಿದೆ’ ಎಂದಲ್ಲ, ‘ಮೇಲಕ್ಕೆ ಹೋಗೋಣ’ ಎಂದರ್ಥ. ಉತ್ಸಾಹದಿಂದ ಹೆಬ್ಬೆರಳನ್ನೆತ್ತಿದ ನವಶಿಷ್ಯನನ್ನು ಗುರುಗಳು ಕೂಡಲೇ ಮೇಲಕ್ಕೆ ಕರೆತಂದಾರು! ಶಿಕ್ಷಕರ ಕೈಹಿಡಿದು ಮುಳುಗುವುದಕ್ಕೆ ಈಜು ಬಲ್ಲವರೇ ಆಗಬೇಕೆಂದಿಲ್ಲವಾದರೂ, ಬಡಾವಣೆಯ ಈಜುಕೊಳದಲ್ಲಿ ನೀರಿನ ಭಯವನ್ನು ಕಳೆದುಕೊಂಡು ಹೋಗುವುದೇ ವಿವೇಕವೆಂದು ನನ್ನ ಮತ.

ಬೆಂಗಳೂರಿನವರು ವಿಶೇಷವಾಗಿ ಅರಿಯಬೇಕಾದ ಸಂಗತಿಯೊಂದುಂಟು. ಆಳದಲ್ಲಿ ಉಸಿರಾಡಿದ ಗಾಳಿಯ ಸಾರಜನಕವು ರಕ್ತದಲ್ಲಿ ಕರಗಿ, ನಿಧಾನವಾಗಿ ಹೊರಬೀಳುತ್ತದೆ. ಅಷ್ಟರೊಳಗೆ ಎತ್ತರದ ಪ್ರದೇಶವನ್ನೇರಿದರೆ ಅದು ಗುಳ್ಳೆಗಳಾಗಿ ದೇಹವನ್ನು ಬಾಧಿಸಬಹುದು. ವಿಮಾನಯಾನದ ಮಟ್ಟಿಗೆ ಈ ಎಚ್ಚರಿಕೆಯನ್ನು ಎಲ್ಲರೂ ಹೇಳುತ್ತಾರೆ. ಘಟ್ಟದ ಮಾತನ್ನು ಎತ್ತುವವರು ವಿರಳ. ನಮ್ಮ ನಗರವೋ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಒಮ್ಮೆ ಮುಳುಗಿದವರು ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ಕಳೆದ ಮೇಲೆಯೇ ಘಟ್ಟವನ್ನು ಹತ್ತತಕ್ಕದ್ದು. ಆದುದರಿಂದ ನೇತ್ರಾಣಿಗೆ ಹೋಗುವವರು ಶನಿವಾರವೇ ಮುಳುಗಿ, ಅಂದಿನ ರಾತ್ರಿಯನ್ನು ಮುರುಡೇಶ್ವರದಲ್ಲೇ ಕಳೆದು, ಭಾನುವಾರ ಮಧ್ಯಾಹ್ನದ ಮೇಲೆ ಹೊರಡುವಂತೆ ಟಿಕೆಟ್ ಕಾದಿರಿಸಿಕೊಳ್ಳಲಿ.