ನಿಂತ ನೆಲದ ಪರೀಕ್ಷೆ

ಧರ್ಮ ದೇವರನ್ನು ನಂಬಿದರೆ ವಿಜ್ಞಾನ ತನ್ನ ನಿಯಮಗಳನ್ನು ನಂಬುತ್ತದೆ, ಎರಡಕ್ಕೂ ಸಾಧಿಸಲಾಗದ ನಂಬಿಕೆಯೇ ಬುನಾದಿ, ಆದ್ದರಿಂದ ಎರಡೂ ಒಂದೇ ಎಂಬ ವಾದ ಆಗಾಗ ಕೇಳಿಬರುತ್ತದೆ. ಈ ವಾದದ ಮೊದಲರ್ಧದಲ್ಲಿ ಸತ್ಯಾಂಶವಿದೆ. ವಿಜ್ಞಾನದ ಪರ ವಹಿಸುವವರು ಅದನ್ನು ಒಪ್ಪಿಕೊಳ್ಳಲು ಹಿಂಜರಿಯುವುದೇ ಉಳಿದರ್ಧಕ್ಕೆ ಸಲ್ಲದ ಬಲ ತಂದುಕೊಟ್ಟಿದೆ.

ಯಾವ ಜ್ಞಾನವ್ಯವಸ್ಥೆಯೂ ತನ್ನ ಎಲ್ಲ ಮಾತುಗಳನ್ನು ಸಾಧಿಸಿ ತೋರಿಸಲಾರದು. ಒಂದು ಮಾತಿಗೆ ಪ್ರಮಾಣ ಕೊಟ್ಟರೆ ಆ ಪ್ರಮಾಣಕ್ಕೂ ಮತ್ತೊಂದು ಪ್ರಮಾಣ ಬೇಕೆಂದು ಕೇಳಬಹುದು. ಹೀಗೆ ಕೊನೆಯಿಲ್ಲದೆ ಹಿಂದಕ್ಕೆ ಸರಿಯುವ ದೋಷಕ್ಕೆ ಭಾರತೀಯ ತರ್ಕಶಾಸ್ತ್ರ ಅನವಸ್ಥೆ ಎಂಬ ಹೆಸರಿಟ್ಟಿದೆ. ಅದರಿಂದ ಪಾರಾಗಲು ಎಲ್ಲಾದರೂ ಒಂದೆಡೆ ನಿಲ್ಲಲೇಬೇಕಾಗುತ್ತದೆ, ಮತ್ತು ಹಾಗೆ ಸಾಧಿಸದೆ ಒಪ್ಪಿಕೊಂಡು ಮುಂದುವರಿಯುವ ಮಾತನ್ನೇ ಗೃಹೀತವೆನ್ನುತ್ತಾರೆ.

ವಿಜ್ಞಾನದ ಗೃಹೀತಗಳಲ್ಲಿ ಎಲ್ಲಕ್ಕಿಂತ ಆಳದ್ದು ಪ್ರಕೃತಿ ಏಕರೂಪವಾಗಿದೆ ಎಂಬುದು: ಇಲ್ಲಿ ಇಂದು ನಡೆಯುವ ನಿಯಮವೇ ಬೇರೆಡೆಯೂ, ನಿನ್ನೆಯೂ ನಾಳೆಯೂ ನಡೆಯುತ್ತದೆಂಬ ಭರವಸೆ. ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ಭರವಸೆಗೆ ತಾರ್ಕಿಕ ಆಧಾರವಿಲ್ಲವೆಂದು ತೋರಿಸಿದ; ಇದುವರೆಗೆ ಹಾಗೆ ನಡೆದಿದೆ ಎಂಬುದರಿಂದ ಮುಂದೆಯೂ ನಡೆಯುತ್ತದೆಂದು ಹೇಳಬೇಕಾದರೆ, ಸಾಧಿಸಬೇಕಾದ ಏಕರೂಪತೆಯನ್ನೇ ಮೊದಲು ಒಪ್ಪಿಕೊಂಡಿರಬೇಕು. ಹ್ಯೂಮನಿಗಿಂತ ಸುಮಾರು ನಾಲ್ಕು ಶತಮಾನ ಮೊದಲು, ವಿಜಯನಗರದ ಕಾಲದಲ್ಲಿ ರಚಿತವಾದ ‘ಸರ್ವದರ್ಶನಸಂಗ್ರಹ’ದ ಮೊದಲ ಅಧ್ಯಾಯ ಭೌತವಾದಿಗಳಾದ ಚಾರ್ವಾಕರ ಹೆಸರಿನಲ್ಲಿ ಇದೇ ಜಾತಿಯ ಆಕ್ಷೇಪವನ್ನು ದಾಖಲಿಸಿದೆ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿಯಿದೆಯೆಂದು ಊಹಿಸಲು ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆಂಬ ತಪ್ಪದ ಸಂಬಂಧ, ಅಂದರೆ ವ್ಯಾಪ್ತಿ, ತಿಳಿದಿರಬೇಕು. ಆದರೆ ಕಣ್ಣಿಗೆ ಬೀಳುವುದು ಎದುರಿಗಿರುವ ಹೊಗೆ ಮಾತ್ರ, ಹಿಂದಿನ ಮತ್ತು ಮುಂದಿನ ಹೊಗೆಗಳೆಲ್ಲ ಅಲ್ಲ. ಇನ್ನೊಂದು ಊಹೆಯಿಂದ ಅದನ್ನು ತುಂಬಿಕೊಳ್ಳಲು ಹೋದರೆ ಅನವಸ್ಥೆ ಬಂದೊದಗುತ್ತದೆ.

ನ್ಯಾಯದರ್ಶನದ ತಾರ್ಕಿಕನಾದ ಉದಯನ ಮತ್ತು ಅವನ ನಂತರದ ನೈಯಾಯಿಕರು ಈ ಬಗೆಯ ಆಕ್ಷೇಪಕ್ಕೆ ಕೊಟ್ಟ ಉತ್ತರ ಸ್ವಾರಸ್ಯಕರವಾಗಿದೆ. ಶಂಕೆಗೂ ಒಂದು ಮಿತಿಯುಂಟು, ಶಂಕಿಸುವವನ ಸ್ವಂತ ನಡತೆಯೇ ಆ ಮಿತಿ ಎಂಬುದು ಅವರ ನಿಲುವು: ಹೊಗೆ ಬೇಕಾದಾಗ ಬೆಂಕಿಯನ್ನೇ ಹೊತ್ತಿಸುವವನು, ಹಸಿವಾದಾಗ ಊಟಕ್ಕೇ ಕೂರುವವನು, ಕಾರ್ಯಕಾರಣ ಸಂಬಂಧವನ್ನು ಬಾಯಿಮಾತಿನಲ್ಲಿ ಮಾತ್ರ ಶಂಕಿಸುತ್ತಾನೆ. ಇದು ಏಕರೂಪತೆಯನ್ನು ಸಾಧಿಸುವುದಿಲ್ಲ, ನಿಜ. ಆದರೆ ಅದು ವಿಜ್ಞಾನಿಗಳ ಖಾಸಗಿ ಮತವಲ್ಲವೆಂಬುದನ್ನು ಇದು ಸ್ಪಷ್ಟಪಡಿಸುತ್ತದೆ. ನೈವೇದ್ಯಕ್ಕೆ ಅನ್ನ ಬೇಯಿಸಲು ಒಲೆ ಹಚ್ಚುವ ಆಸ್ತಿಕನೂ ಅದನ್ನೇ ನೆಚ್ಚಿದ್ದಾನೆ. ಹಾಗಾಗಿ ವಿಜ್ಞಾನದ್ದೊಂದು ನಂಬಿಕೆ, ಧರ್ಮದ್ದು ಅದಕ್ಕೆ ಸಮನಾದ ಬೇರೊಂದು ನಂಬಿಕೆ ಎಂದು ಪಾಲು ಮಾಡುವುದೇ ಸರಿಯಲ್ಲ. ಈ ಮೂಲ ಗೃಹೀತ ಇಬ್ಬರಿಗೂ ಸೇರಿದ್ದು, ಧರ್ಮ ಅದರ ಮೇಲೆ ತನ್ನದೇ ಆದ ಇನ್ನಷ್ಟನ್ನು ಸೇರಿಸುತ್ತದೆ.

ಇನ್ನು, ಒಪ್ಪಿಕೊಂಡ ಗೃಹೀತವನ್ನು ವಿಜ್ಞಾನ ಮುಟ್ಟದೆ ಬಿಡುವುದೂ ಇಲ್ಲ. 1972ರಲ್ಲಿ ಫ್ರಾನ್ಸಿನ ಪಿಯೆರ್‌ಲಾಟ್ ಸ್ಥಾವರದಲ್ಲಿ ಯುರೇನಿಯಂ ತಪಾಸಣೆ ನಡೆಸುತ್ತಿದ್ದವರಿಗೆ ಒಂದು ಸಣ್ಣ ಕೊರತೆ ಕಂಡಿತು. ನೈಸರ್ಗಿಕ ಯುರೇನಿಯಂನಲ್ಲಿ ಯುರೇನಿಯಂ-235 ಎಂಬ ಬಗೆ ಶೇ. 0.720ರಷ್ಟಿರಬೇಕು, ಅಲ್ಲಿ ಸಿಕ್ಕಿದ್ದು 0.717. ಜಾಡು ಹಿಡಿದು ಹೋದಾಗ ಆಫ್ರಿಕದ ಗ್ಯಾಬನ್ ದೇಶದ ಒಕ್ಲೋ ಗಣಿಯಲ್ಲಿ ಆ ಪ್ರಮಾಣ ಇನ್ನೂ ಬಹಳ ಕಡಿಮೆಯಿದ್ದ ಅದಿರು ದೊರೆಯಿತು. ಸುಮಾರು 200 ಕೋಟಿ ವರ್ಷಗಳ ಹಿಂದೆ ಯುರೇನಿಯಂ-235ರ ಪಾಲು ಶೇ. 3ಕ್ಕೂ ಮೇಲಿದ್ದುದರಿಂದ, ಅಂತರ್ಜಲದ ನೆರವಿನಿಂದ ಅಲ್ಲಿ ಪರಮಾಣು ವಿದಳನ ತಾನಾಗಿ ಶುರುವಾಗಿ ಲಕ್ಷಾಂತರ ವರ್ಷ ನಡೆದಿತ್ತು. ಭೂಮಿಯೇ ಒಂದು ರಿಯಾಕ್ಟರ್ ನಡೆಸಿತ್ತೆಂದು ಹೇಳಬಹುದು.

ಸೋವಿಯತ್ ಭೌತವಿಜ್ಞಾನಿ ಅಲೆಕ್ಸಾಂಡರ್ ಶ್ಲ್ಯಾಖ್ತರ್ 1976ರಲ್ಲಿ ಈ ಅದಿರನ್ನು ಅಂದಿನ ನಿಯಮಗಳೂ ಇಂದಿನವೇ ಆಗಿದ್ದವೇ ಎಂಬ ಪ್ರಶ್ನೆಗೆ ಬಳಸಿಕೊಂಡರು. ಸಮೇರಿಯಂ-149 ಎಂಬ ಪರಮಾಣು ನಿಧಾನಗತಿಯ ನ್ಯೂಟ್ರಾನುಗಳನ್ನು ವಿಪರೀತವಾಗಿ ಹೀರಿಕೊಳ್ಳುತ್ತದೆ, ಮತ್ತು ಈ ಗುಣ ಪರಮಾಣುವಿನೊಳಗಿನ ಬಲಗಳ ಅತಿ ಸೂಕ್ಷ್ಮ ಹೊಂದಾಣಿಕೆಯನ್ನು ಅವಲಂಬಿಸಿದೆ. ಅಂದಿನ ಬಲಗಳು ತುಸು ಬೇರೆಯಾಗಿದ್ದರೂ ಅದಿರಿನಲ್ಲಿ ಉಳಿದಿರುವ ಸಮೇರಿಯಂ ಲೆಕ್ಕ ತಪ್ಪಬೇಕಿತ್ತು. ಲೆಕ್ಕ ತಪ್ಪಿರಲಿಲ್ಲ. 1996ರಲ್ಲಿ ಭೌತವಿಜ್ಞಾನಿಗಳಾದ ತಿಬೋ ದಮೂರ್ ಮತ್ತು ಫ್ರೀಮನ್ ಡೈಸನ್ ನಡೆಸಿದ ವಿಶ್ಲೇಷಣೆಯ ಪ್ರಕಾರ ವಿದ್ಯುತ್ಕಾಂತೀಯ ಬಲದ ಪ್ರಮಾಣವನ್ನು ಸೂಚಿಸುವ ಸ್ಥಿರಾಂಕ ಅಷ್ಟು ಕಾಲದಲ್ಲಿ ಬದಲಾಗಿದ್ದರೂ ಆ ಬದಲಾವಣೆ ಹೆಚ್ಚುಕಡಿಮೆ ಕೋಟಿಯಲ್ಲಿ ಒಂದು ಪಾಲನ್ನು ಮೀರಿರಲಾರದು. ಈ ಲೆಕ್ಕವೂ ಬೇರೆ ಕೆಲವು ನಿಯಮಗಳನ್ನು ಸ್ಥಿರವೆಂದು ಹಿಡಿದೇ ಮಾಡಿದ್ದೆಂದು ಚಾರ್ವಾಕ ಎದ್ದು ಹೇಳಬಹುದು, ಮತ್ತು ಆ ಮಾತು ಸರಿಯೇ. ಎಲ್ಲ ಗೃಹೀತಗಳನ್ನೂ ಒಮ್ಮೆಗೇ ಪರೀಕ್ಷೆಗೆ ಒಡ್ಡಲಾಗದು. ಕೆಲವನ್ನು ಹಿಡಿದುಕೊಂಡು ಒಂದನ್ನು ಒರೆಗೆ ಹಚ್ಚುವುದಷ್ಟೇ ಸಾಧ್ಯ.

ಆ ಒರೆಯಲ್ಲಿ ಸೋತ ಗೃಹೀತಗಳೂ ಇವೆ. ಪ್ರಕೃತಿಯ ನಿಯಮಗಳು ಎಡಬಲ ಭೇದ ಮಾಡುವುದಿಲ್ಲವೆಂದು ಭೌತವಿಜ್ಞಾನ ಬಹುಕಾಲ ಒಪ್ಪಿಕೊಂಡಿತ್ತು. ಕೆಲವು ಬಗೆಯ ಕ್ರಿಯೆಗಳಲ್ಲಿ ಇದನ್ನು ಯಾರೂ ಪರೀಕ್ಷಿಸಿಯೇ ಇಲ್ಲವೆಂದು ಭೌತವಿಜ್ಞಾನಿಗಳಾದ ಲೀ ಮತ್ತು ಯಾಂಗ್ 1956ರಲ್ಲಿ ಎತ್ತಿ ತೋರಿಸಿದರು. ಚೀನೀ ಮೂಲದ ವಿಜ್ಞಾನಿ ಚಿಯೆನ್-ಶಿಯಂಗ್ ವು ಕೋಬಾಲ್ಟ್-60ರ ಪ್ರಯೋಗದಿಂದ ಆ ಗೃಹೀತ ತಪ್ಪೆಂದು ತೋರಿಸಿದರು.

ಹಾಗೆಂದು ಧರ್ಮಚಿಂತನೆಯೆಲ್ಲ ಕಣ್ಣುಮುಚ್ಚಿ ನಂಬುವುದೆಂದರೆ ಅನ್ಯಾಯವಾದೀತು. ನಮ್ಮ ದರ್ಶನಗಳು ಜ್ಞಾನದ ಸಾಧನಗಳಾದ ಪ್ರತ್ಯಕ್ಷ, ಅನುಮಾನ, ಆಗಮಗಳ ಹರವು ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಶತಮಾನಗಳ ಕಾಲ ಚರ್ಚಿಸಿವೆ. ಬೆಂಕಿಯನ್ನು ತಣ್ಣನೆಯದೆಂದು ಸಾರುವ ಶ್ರುತಿವಾಕ್ಯಗಳು ಎಷ್ಟೇ ಇದ್ದರೂ ಅವು ಪ್ರಮಾಣವಾಗಲಾರವೆಂಬ ನಿಲುವನ್ನು ಶಂಕರಾಚಾರ್ಯರು ಗೀತಾಭಾಷ್ಯದ ಹದಿನೆಂಟನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿ ತಳೆದಿದ್ದಾರೆ; ಪ್ರತ್ಯಕ್ಷಾದಿಗಳು ಮುಟ್ಟದ ವಿಷಯದಲ್ಲಿ ಮಾತ್ರ ಶ್ರುತಿಗೆ ಅಧಿಕಾರ. ಈ ಏರ್ಪಾಟಿನಿಂದ ಶ್ರುತಿಯ ಮೂಲ ಗೃಹೀತ, ಒಕ್ಲೋದ ಅದಿರಿನಂಥ ಯಾವ ಸಾಕ್ಷ್ಯವೂ ತಲುಪದ ಜಾಗದಲ್ಲಿ ಸುರಕ್ಷಿತವಾಗಿರುತ್ತದೆ. ಅದಕ್ಕೆ ತೆರುವ ಬೆಲೆಯೆಂದರೆ ಲೋಕದ ಸಂಗತಿಗಳ ಬಗ್ಗೆ ತೀರ್ಪು ಕೊಡುವ ಹಕ್ಕನ್ನು ಬಿಟ್ಟುಕೊಡುವುದು. ಭೂಮಿಯ ವಯಸ್ಸು, ರೋಗದ ಕಾರಣ, ಗ್ರಹಣದ ಪರಿಣಾಮ ಇವನ್ನೆಲ್ಲ ಗ್ರಂಥವನ್ನೇ ಮುಂದಿಟ್ಟು ನಿರ್ಣಯಿಸಿ, ಪ್ರಶ್ನೆ ಬಂದಾಗ ಎರಡೂ ನಂಬಿಕೆಯೇ ಎಂದು ಜಾರಿಕೊಳ್ಳುವವರಿಗೆ ವಿಜ್ಞಾನವಂತೂ ಸರಿ, ಶಂಕರಭಾಷ್ಯವೂ ಬೆಂಬಲ ಕೊಡುವುದಿಲ್ಲ.