ಬೇಸಿನ್ನಿನ ಕೆಳಗೊಂದು ಲಾಳ

ಕೈತೊಳೆಯುವ ಬೇಸಿನ್ನಿನ ಅಡಿಯಲ್ಲಿ ಅಂಗಾತ ಮಲಗಿ, ಮೊಣಕಾಲುಗಳನ್ನು ಮಾತ್ರ ಹೊರಗೆ ಬಿಟ್ಟುಕೊಂಡು, ಹಲ್ಲುಗಳ ನಡುವೆ ಸೀಸದಕಡ್ಡಿಯನ್ನೂ ಎದೆಯ ಮೇಲೊಂದು ಟಾರ್ಚನ್ನೂ ಇರಿಸಿಕೊಂಡು, ರಟ್ಟಿನ ಪೆಟ್ಟಿಗೆಯೊಂದನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಸರಿಸುತ್ತಿದ್ದ ಆ ಮನುಷ್ಯನನ್ನು ಮೊದಲು ಕಂಡಾಗ, ಆತ ನಡೆಸಿದ್ದುದು ಕೆಲಸವೋ ಆಟವೋ ಎಂಬ ಸಂದೇಹ ನನಗುಂಟಾಯಿತು. ಬೆಂಗಳೂರಿನ ದಕ್ಷಿಣದ ಬಡಾವಣೆಯೊಂದರಲ್ಲಿ ಬಂಧುಗಳ ಮನೆ ಹೊಸದಾಗುತ್ತಿದೆಯೆಂದು ನೋಡಿಬರಲು ಹೋಗಿದ್ದ ನಾನು, ಹಜಾರದ ಹೊಸ ನೆಲವನ್ನೂ ಅಡುಗೆಮನೆಯ ಕಪ್ಪು ಕಲ್ಲನ್ನೂ ಲೋಕರೂಢಿಗಾಗಿ ಎರಡು ಮಾತು ಹೊಗಳಿ, ಉಳಿದ ಹೊತ್ತನ್ನೆಲ್ಲ ಆ ಸ್ನಾನಗೃಹದ ಹೊಸ್ತಿಲಲ್ಲಿ ಸ್ಟೂಲು ಹಾಕಿಕೊಂಡು ಕಳೆದೆನು, ಮರುದಿನವೂ ಹೋದೆನು.

ಈಗಿನ ಮನೆಗಳಲ್ಲಿ ಬೇಸಿನ್ನು ಗೋಡೆಗೆ ತಗುಲಿ ನಿಲ್ಲುವುದಿಲ್ಲ; ಅದರ ಕೆಳಗೆ ಪ್ಲೈವುಡ್ಡಿನ ಪೆಟ್ಟಿಗೆ ಬರುತ್ತದೆ, ಪೆಟ್ಟಿಗೆಗೆ ಡ್ರಾಯರುಗಳು ಬರುತ್ತವೆ, ಇಷ್ಟಕ್ಕೂ ಸೇರಿ ವ್ಯಾನಿಟಿ ಎಂಬ ಹೆಸರು. ಒಣಜಂಭವೆಂಬ ಅರ್ಥವುಳ್ಳ ಇಂಗ್ಲಿಷ್ ಶಬ್ದವೊಂದು ಹಲ್ಲುಜ್ಜುವ ಬ್ರಷ್ಷನ್ನಿಡುವ ಪೆಟ್ಟಿಗೆಗೆ ಅಂಟಿಕೊಂಡುದು ಹೇಗೆಂಬುದು ಭಾಷಾಶಾಸ್ತ್ರಜ್ಞರಿಗೆ ಬಿಟ್ಟ ವಿಚಾರ. ನಮಗೆ ಸಂಬಂಧಿಸಿದುದು ಇಷ್ಟೇ: ಬೇಸಿನ್ನಿನ ನಟ್ಟನಡುವಿನಿಂದ ಕೆಳಗಿಳಿಯುವ 32 ಮಿಲಿಮೀಟರಿನ ಕೊಳವೆಯೂ ಅದರ ಕೆಳಗೆ ತೂಗುವ ಬಾಟಲ್ ಟ್ರ್ಯಾಪೂ, ಮೇಲಣ ಡ್ರಾಯರು ಎಲ್ಲಿ ಬಂದು ಕೂರಬೇಕೋ ಸರಿಯಾಗಿ ಅಲ್ಲಿಯೇ ಇರುತ್ತವೆ. ಕೊಳವೆ ಕದಲುವುದಿಲ್ಲ, ಡ್ರಾಯರು ಕದಲದಿದ್ದರೆ ಅದು ಡ್ರಾಯರೇ ಅಲ್ಲ. ಅನೇಕರು ಸೋತು, ಮೇಲಣ ಡ್ರಾಯರಿನ ಮುಖವನ್ನು ಮಾತ್ರ ಹಲಗೆಯಂತೆ ಜಡಿದು, ಹಿಡಿ ಹಾಕಿ, ಎಳೆದವರನ್ನು ಮೂರ್ಖರನ್ನಾಗಿಸುವುದೂ ಉಂಟು. ಈ ಮನೆಯ ಒಡತಿ ಅದಕ್ಕೆ ಒಪ್ಪಲಿಲ್ಲ. ಆದುದರಿಂದ ಡ್ರಾಯರಿನ ಬೆನ್ನಿನಿಂದ ಒಳಕ್ಕೆ, ಕುದುರೆಯ ಲಾಳದ ಆಕಾರದಲ್ಲಿ, ಹಿಂದುಗಡೆ ಬಾಯಿ ತೆರೆದಂತೆ ಕಚ್ಚು ಕತ್ತರಿಸಿ, ಡ್ರಾಯರನ್ನು ದೂಡಿದಾಗ ಕೊಳವೆಯು ಆ ಲಾಳದೊಳಗೆ ಬಂದು ನಿಲ್ಲುವಂತೆ ಮಾಡಬೇಕಾಯಿತು.

ರಟ್ಟಿನ ಕಥೆ ಬರುವುದು ಇಲ್ಲಿಯೇ. ಒಮ್ಮೆ ಕೊಯ್ದ ಪ್ಲೈವುಡ್ಡನ್ನು ಮತ್ತೆ ಬೆಸೆಯಲಾಗದು; ಅದಕ್ಕಾಗಿ ಆತನು, ಬೇಸಿನ್ನು ಯಾವ ಪೆಟ್ಟಿಗೆಯಲ್ಲಿ ಬಂದಿತ್ತೋ ಅದೇ ರಟ್ಟನ್ನು ಬಿಚ್ಚಿ, ಬಡಗಿಯ ಅಳತೆಯಂತೆಯೇ ಮಡಿಸಿ, ಮೂಲೆಗಳಿಗೆ ಟೇಪು ಸುತ್ತಿ, ಒಂದು ಸುಳ್ಳು ಡ್ರಾಯರನ್ನು ಕಟ್ಟಿದ್ದನು. ಅದನ್ನು ಎರಡು ಪಕ್ಕದ ಚಾನೆಲುಗಳ ಮೇಲಿಟ್ಟು ದೂಡುವುದು, ಟ್ರ್ಯಾಪು ಎಲ್ಲಿ ತಾಗಿತೋ ಅಲ್ಲಿ ಗುರುತು, ಗುರುತಿನಷ್ಟು ಚಾಕುವಿನಿಂದ ಕತ್ತರಿಸುವುದು, ಮತ್ತೆ ದೂಡುವುದು. ಆರು ಬಾರಿಯೋ ಏಳು ಬಾರಿಯೋ ಹೀಗೆ ನಡೆಯಿತು. ಕೊನೆಗೆ ರಟ್ಟು ಎಲ್ಲಿಯೂ ತಗುಲದೆ ಹಿಂಬದಿಯವರೆಗೆ ಹೋಯಿತು. ಕೆಲಸ ಮುಗಿಯಿತೆಂದು ನಾನು ಭಾವಿಸಿದೆ. ಆತನಾದರೋ ತನ್ನ ಬಲಗೈಯನ್ನು ಆ ಲಾಳದೊಳಗೆ ತೂರಿಸಿ, ಟ್ರ್ಯಾಪಿನ ತಳದ ಬಟ್ಟಲನ್ನು ಹಿಡಿದು ತಿರುಗಿಸುವಂತೆ ಮುಷ್ಟಿಯನ್ನು ಹೊರಳಿಸಿ ನೋಡಿದನು. ಬೆರಳ ಗೆಣ್ಣು ರಟ್ಟಿಗೆ ಉಜ್ಜಿತು. "ಎರಡು ಸೂತು ಬೇಕು ಸಾರ್. ನಾಳೆ ಕೂದಲು ಕಟ್ಟಿಕೊಂಡ್ರೆ ಬಟ್ಟಲು ಬಿಚ್ಚೋಕೆ ಕೈ ಹೋಗಬೇಕಲ್ಲ?" ಎಂದು, ಇಂಚಿನಲ್ಲಿ ಎಂಟನೆಯ ಒಂದು ಪಾಲಾದ ಆ ಸೂತಿನ ಲೆಕ್ಕದಲ್ಲಿ ಎರಡು ಕಡೆಯಲ್ಲಿಯೂ ಮತ್ತೆ ಗೆರೆಯೆಳೆದನು. ವರ್ಷಾಂತರದಲ್ಲಿ, ತಾನು ಅಲ್ಲಿಲ್ಲದ ಒಂದು ದಿನ, ಹೆಸರೂ ಗೊತ್ತಿಲ್ಲದ ಮತ್ತಾವನೋ ಬಂದು ಮಂಡಿಯೂರಿದಾಗ ಅವನ ಗೆಣ್ಣು ತರಚದಿರಲಿ ಎಂಬ ಈ ಎಚ್ಚರವನ್ನು ಕಂಡಮೇಲೆ, ಆತನ ವಿಷಯವಾಗಿ ಬರೆಯಬೇಕೆಂದು ನನಗೆ ತೋರಿತು.

ಬಡಗಿಗಳು ಮಾಗಡಿಯ ಕಡೆಯ ವೃದ್ಧರು, ಆಚಾರ್ಯ ಮನೆತನದವರು. ಅವರಿಗೆ ತಮ್ಮ ಡ್ರಾಯರಿನ ಬೆನ್ನು ಸೀಳುವುದು ಮನಸ್ಸಿಗೆ ಬಾರದು. ನಡುವೆ ಕೊಯ್ದ ಪೆಟ್ಟಿಗೆಯ ಬಿಗಿ ಹೋಗುತ್ತದೆ. ಕಚ್ಚಿನ ಸುತ್ತ ಒಳಗೋಡೆ ನಿಲ್ಲಿಸದಿದ್ದರೆ ಬಾಚಣಿಗೆ ಹಿಂದಕ್ಕೆ ಜಾರಿ ಬೀಳುತ್ತದೆ. ಕೊಯ್ದ ಅಂಚನ್ನು ಮುಚ್ಚದೆ ಬಿಟ್ಟರೆ ಎಷ್ಟೇ ಉತ್ತಮ ಪ್ಲೈವುಡ್ಡಾದರೂ ತೇವ ಹೀರಿ ಹೂವಿನಂತೆ ಅರಳುತ್ತದೆ.

"ಆ ಪೈಪನ್ನೇ ಒಂಚೂರು ಪಕ್ಕಕ್ಕೆ ತಗೊಳ್ಳಪ್ಪ," ಎಂದರು ಅವರು.

"ಪೈಪ್ ಬರತ್ತೆ ಆಚಾರ್ರೇ, ನೀರು ಬರಲ್ಲ," ಎಂದನು ಈತ, ಮಲಗಿದಲ್ಲಿಂದಲೇ.

ಆ ಉತ್ತರದ ಹಿಂದಿನ ಶಾಸ್ತ್ರವನ್ನು ಸ್ವಲ್ಪ ಹೇಳಬೇಕು. ಟ್ರ್ಯಾಪಿನೊಳಗೆ ಸುಮಾರು 50 ಮಿಲಿಮೀಟರಿನಷ್ಟು ನೀರು ಸದಾ ನಿಂತಿರುತ್ತದೆ. ಚರಂಡಿಯ ದುರ್ಗಂಧವನ್ನು ಮನೆಯೊಳಕ್ಕೆ ಬಿಡದೆ ತಡೆಯುವ ಬಾಗಿಲು ಆ ನೀರೇ. ಹೀಗೆ ಬಗ್ಗಿದ ಕೊಳವೆಯಲ್ಲಿ ನೀರನ್ನು ನಿಲ್ಲಿಸಿ ವಾಸನೆಯನ್ನು ತಡೆಯುವ ಶೌಚಪಾತ್ರೆಗೆ 1775ರಲ್ಲಿ ಲಂಡನ್ನಿನಲ್ಲಿ ಪೇಟೆಂಟು ಪಡೆದವನು ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರದ ಕುಶಲಿ. ಕಾಲವನ್ನು ಅಳೆಯುತ್ತಿದ್ದ ಕೈ ಕೊಳಚೆಗೆ ತಡೆ ಹಾಕಿತೆಂಬುದು ಸೋಜಿಗ. ಟ್ರ್ಯಾಪಿನಿಂದ ಗೋಡೆಯವರೆಗಿನ ಕೊಳವೆಗೆ ಮೀಟರಿಗೆ ಇಪ್ಪತ್ತು ಮಿಲಿಮೀಟರಿಗೆ ಕಡಮೆಯಿಲ್ಲದ ಇಳಿಜಾರು ಬೇಕು. ಇಳಿಜಾರು ಅತಿಯಾಗಿ ದಾರಿ ಉದ್ದವಾದರೆ, ರಭಸದಿಂದ ಓಡುವ ನೀರು ಬಾಗಿಲಾಗಿ ನಿಂತ ನೀರನ್ನೂ ತನ್ನೊಡನೆ ಎಳೆದೊಯ್ಯುತ್ತದೆ. ಕೊನೆಯಲ್ಲಿ ಕೇಳುವ ಗುಳುಗುಳು ಶಬ್ದ ಅದರದೇ. ಕೊಳವೆಯನ್ನು ಬೇಸಿನ್ನಿನ ತಳದಲ್ಲಿಯೇ ಹಿಂದಕ್ಕೆ ಬಾಗಿಸಿ, ಟ್ರ್ಯಾಪನ್ನು ಗೋಡೆಗೊತ್ತಿ ನಿಲ್ಲಿಸಿ, ಡ್ರಾಯರನ್ನು ಸ್ವಲ್ಪ ಮೋಟು ಮಾಡುವ ಇನ್ನೊಂದು ಉಪಾಯವಿದೆ. ಅದು ಚೆಲುವಾದುದೇ, ಆದರೆ ಟ್ರ್ಯಾಪಿಗೆ ಮುಂಚಿನ ಆ ಅಡ್ಡದಾರಿಯಲ್ಲಿ ಸೋಪಿನ ಲೋಳೆ ಕಟ್ಟಿಕೊಳ್ಳುತ್ತದೆಂದು ಈತನಿಗೆ ಅದರಲ್ಲಿ ವಿಶ್ವಾಸ ಕಡಮೆ.

ಸುರುಳಿ ಸುರುಳಿಯಾದ ಬಿಳಿಯ ಪ್ಲಾಸ್ಟಿಕ್ ಕೊಳವೆಯ ಮಾತೆತ್ತಿದರೆ ಈತ ಉತ್ತರವನ್ನೇ ಕೊಡುವುದಿಲ್ಲ. ನಾನು ಕೊಡಬಲ್ಲೆ. ನಮ್ಮ ಮನೆಯಲ್ಲಿಯೇ ಗುತ್ತಿಗೆದಾರನೊಬ್ಬನು ಅಂಥದನ್ನು ತಂತಿಯಿಂದ ಕಟ್ಟಿ ಡ್ರಾಯರಿನ ಹಿಂದೆ ತುರುಕಿ ಹೋಗಿದ್ದನು. ದಿನಕ್ಕೆ ಹತ್ತು ಬಾರಿ ಡ್ರಾಯರಿನ ಬೆನ್ನು ಅದನ್ನು ಗುದ್ದಿ ಗುದ್ದಿ, ಒಂದು ಶ್ರಾವಣ ಶುಕ್ರವಾರ ಕೀಲು ಕಳಚಿ, ಮಡಿ ಪಂಚೆಗಳನ್ನಿಟ್ಟಿದ್ದ ಡ್ರಾಯರು ಪುಟ್ಟ ಕಲ್ಯಾಣಿಯಾಯಿತು. ಹಬ್ಬದ ದಿನ ನಾನು ಉಟ್ಟದ್ದು ಹಳೆಯ ಲುಂಗಿ.

ಹಿಂದೆ ಈ ಪೇಚಾಟ ಇರಲಿಲ್ಲ. ನಮ್ಮ ಹಿರಿಯರ ಬಚ್ಚಲಿನಲ್ಲಿ ಹಂಡೆಯಿತ್ತು, ತಂಬಿಗೆಯಿತ್ತು, ಗೋಡೆಯ ಬುಡದಲ್ಲೊಂದು ತೂತಿತ್ತು. ತೂತಿನಾಚೆ ಬಾಳೆಯೋ ಕೆಸುವೋ ಸೊಂಪಾಗಿ ಬೆಳೆಯುತ್ತಿತ್ತು. ನೀರು ಹೋಗುವ ದಾರಿ ಎಲ್ಲರ ಕಣ್ಣಿಗೆ ಬೀಳುತ್ತಿದ್ದುದರಿಂದ ಅದನ್ನು ಅಡಗಿಸಬೇಕೆಂದು ಯಾರಿಗೂ ತೋರಿರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ಕಾವೇರಿಯಿಂದ ಬೆಂಗಳೂರಿಗೆ ನೀರು ಬಂದಂತೆಲ್ಲ ನಲ್ಲಿಗಳು ಹೆಚ್ಚಿದವು. ಊಟದ ಮನೆಯ ಮೂಲೆಯಲ್ಲಿ ಬೇಸಿನ್ನು ಬಂದು ನಿಂತಿತು. ಅದರ ಕೊಳವೆ ಸಂಕೋಚವಿಲ್ಲದೆ ನೆಲದ ನಹಾನಿ ಟ್ರ್ಯಾಪಿನತ್ತ ಇಳಿಯಿತು. ಪೆಟ್ಟಿಗೆ ಬಂದುದು ಆಮೇಲೆ.

ಬೇಸಿನ್ನಿನಡಿ ಮಲಗಿದ್ದ ಈ ಪ್ಲಂಬರನ ಊರು ಒಡಿಶಾದ ಕೇಂದ್ರಾಪಡಾ ಜಿಲ್ಲೆಯ ಪಟ್ಟಾಮುಂಡೈ ಸಮೀಪದ ಹಳ್ಳಿ. ಆ ಜಿಲ್ಲೆಯ ಪ್ಲಂಬರುಗಳು ದೇಶದ ಎಲ್ಲ ದೊಡ್ಡ ನಗರಗಳಲ್ಲಿಯೂ ಇದ್ದಾರೆ. ಪಟ್ಟಾಮುಂಡೈಯಲ್ಲಿ ಈ ವಿದ್ಯೆಗೆಂದೇ ಸರಕಾರದ ಸಂಸ್ಥೆಯೊಂದುಂಟು. ಆತನು ತಂದೆಯಿಂದ ಕೇಳಿದಂತೆ, 1930ರ ಸುಮಾರಿನಲ್ಲಿ ಕಲ್ಕತ್ತೆಯ ಆಂಗ್ಲ ಕಂಪನಿಗಳಿಗೆ ಪೈಪು ಹೊರುವ ಆಳುಗಳು ಬೇಕಾದಾಗ, ನೆರೆಯೂ ಚಂಡಮಾರುತವೂ ಗದ್ದೆಗಳನ್ನು ನುಂಗುತ್ತಿದ್ದ ಆ ಕರಾವಳಿಯ ಮಂದಿ ಹೊರಟು ಹೋದರಂತೆ. ದೇಶವಿಭಜನೆಯಲ್ಲಿ ಪೂರ್ವ ಬಂಗಾಳದ ಕುಶಲಿಗಳು ಅತ್ತ ನಡೆದುಬಿಡಲು, ಹೊರುತ್ತಿದ್ದವರೇ ಮೇಸ್ತ್ರಿಗಳಾದರಂತೆ. ನೀರಿನಿಂದ ಗದ್ದೆ ಕಳೆದುಕೊಂಡವರು ನೀರಿನಿಂದಲೇ ಅನ್ನ ಕಂಡರು. ಪ್ಲಂಬರ್ ಎಂಬ ಶಬ್ದ ಸೀಸಕ್ಕಿರುವ ಲ್ಯಾಟಿನ್ ಹೆಸರಿನಿಂದ ಬಂದಿತೆಂದು ನಾನು ತಿಳಿಸಿದಾಗ, ಆತನು ಬಾಯಿಂದ ಸೀಸದಕಡ್ಡಿಯನ್ನು ತೆಗೆದು, "ಸೀಸ ನಾನು ನೋಡೇ ಇಲ್ಲ ಸಾರ್, ಎಲ್ಲಾ ಪಿವಿಸಿ," ಎಂದು ನಕ್ಕನು. ಆ ಕಡ್ಡಿಯಲ್ಲಿಯೂ ಸೀಸವಿಲ್ಲ. ಆ ಮಾತನ್ನು ನಾನು ಹೇಳಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಆಚಾರ್ಯರು ರಟ್ಟಿನ ಮೇಲಣ ಗೆರೆಗಳನ್ನು ಪ್ಲೈವುಡ್ಡಿಗೆ ಇಳಿಸಿ ಕೊಯ್ದು, ಲಾಳದ ಸುತ್ತ ಒಳಗೋಡೆ ನಿಲ್ಲಿಸಿ, ಅಂಚುಗಳಿಗೆ ಪಟ್ಟಿ ಅಂಟಿಸಿ ತಂದರು. ಆತನು ಟ್ರ್ಯಾಪಿನ ಕೆಳಗೆ ಒಣ ವೃತ್ತಪತ್ರಿಕೆಯೊಂದನ್ನು ಹಾಸಿ, ಬೇಸಿನ್ನನ್ನು ಅಂಚಿನವರೆಗೆ ತುಂಬಿಸಿ, ಒಮ್ಮೆಗೇ ಬಿಟ್ಟನು. ಕಣ್ಣಿಗೆ ಕಾಣದ ಹನಿಯೂ ಪತ್ರಿಕೆಯ ಕಾಗದದ ಮೇಲೆ ಮಚ್ಚೆಯಾಗಿ ಕಾಣುತ್ತದೆ. ನಾವು ಮೂವರೂ ಬಗ್ಗಿ ಕಿವಿಗೊಟ್ಟೆವು, ನೀರು ಇಳಿಯಿತು, ಗುಳುಗುಳು ಎನ್ನಲಿಲ್ಲ. ಹಾಸಿದ್ದುದು ಹಿಂದಿನ ಭಾನುವಾರದ ಪುರವಣಿ. ನಮ್ಮಂಥವರ ಬರಹಕ್ಕೆ ಅದಕ್ಕಿಂತ ಸಾರ್ಥಕವಾದ ಉಪಯೋಗ ನನಗೆ ತಿಳಿಯದು. ಅದು ಒಣಗಿಯೇ ಇತ್ತು. ಆಚಾರ್ಯರು ಡ್ರಾಯರನ್ನು ಚಾನೆಲಿಗೇರಿಸಿ ಒಂದು ಬೆರಳಿನಿಂದ ದೂಡಿದರು. ಅದು ಹೋಗಿ ಸದ್ದಿಲ್ಲದೆ ಕುಳಿತುಕೊಂಡಿತು. ಇಬ್ಬರೂ ಪರಸ್ಪರ ಏನನ್ನೂ ಹೇಳಲಿಲ್ಲ. ಆಚಾರ್ಯರು ಎಲೆಯಡಿಕೆಯ ಚೀಲವನ್ನು ಆತನ ಕಡೆಗೆ ಚಾಚಿದರು.

ಈಗ ಕಾರ್ಖಾನೆಯಿಂದಲೇ ಲಾಳ ಕೊರೆದ ಡ್ರಾಯರುಗಳು ಬರುತ್ತಿವೆ. ಅವು ಹೊಂದುವ ಮನೆಯಲ್ಲಿ ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ. ಹೊಂದದ ಮನೆಯಲ್ಲಿ ಆ ಸುರುಳಿ ಕೊಳವೆಯನ್ನು ಎಳೆದು ಕಟ್ಟುತ್ತಾರೆ. ರಟ್ಟು ಮಡಿಸುವಷ್ಟು ವ್ಯವಧಾನಕ್ಕೆ ಕೂಲಿ ಕೊಡುವವರು ವಿರಳ. ಆತನ ಮಗ ಸೂರತ್ತಿನಲ್ಲಿ ಬೇರೆ ಕೆಲಸ ಹಿಡಿದಿದ್ದಾನೆ.

ಸಾಯಂಕಾಲ ಹೊರಟಾಗ ಆ ರಟ್ಟಿನ ಡ್ರಾಯರು ಗೇಟಿನ ಪಕ್ಕದಲ್ಲಿ ಮಡಿಸಿ ಒರಗಿಸಿತ್ತು. ಅದರ ಒಳಮೈಯ ತುಂಬ ಸೀಸದಕಡ್ಡಿಯ ಗೆರೆಗಳು, ಗೆರೆಗಳ ಬದಿಯಲ್ಲಿ ಒಡಿಯಾ ಅಂಕಿಗಳು, ನಮ್ಮ ಕನ್ನಡದ ಅಂಕಿಗಳ ದಾಯಾದಿಗಳಂತೆ ದುಂಡದುಂಡಗೆ. ಕೇಳಿ ತೆಗೆದುಕೊಳ್ಳೋಣವೆಂದು ಒಳಗೆ ಹೋಗಿ ಬರುವಷ್ಟರಲ್ಲಿ, ಹಳೆ ಪೇಪರಿನವನ ತಳ್ಳುಗಾಡಿ ಬೀದಿಯ ತಿರುವನ್ನು ದಾಟುತ್ತಿತ್ತು. ಮೇಲಿಟ್ಟಿದ್ದ ರಟ್ಟಿನ ಲಾಳ ಗಾಳಿಗೆ ತೆರೆದುಕೊಳ್ಳುತ್ತ ಮುಚ್ಚಿಕೊಳ್ಳುತ್ತ ಹೋಯಿತು.